ಎದುರು ಗಾಳಿಯ ಲೆಕ್ಕ

ವಿಜ್ಞಾನ ಓದಿದ ನಾಲ್ವರು ಗೆಳೆಯರು ಒಂದೆಡೆ ಸೇರಿದಾಗ ಈ ಪ್ರಶ್ನೆ ಕೇಳಿ ನೋಡಿ. ಒಂದು ಗಂಟೆಯ ಜಗಳ ಗ್ಯಾರಂಟಿ.

ವಿಮಾನ ನಿಲ್ದಾಣದಲ್ಲಿ ರನ್‌ವೇ ಬದಲು ಅಷ್ಟೇ ಉದ್ದದ ಒಂದು ಕನ್ವೇಯರ್ ಬೆಲ್ಟ್ ಇದೆ ಎಂದುಕೊಳ್ಳಿ. ಜಿಮ್‌ನಲ್ಲಿರುವ ಟ್ರೆಡ್‌ಮಿಲ್‌ನ ಹಾಗೆಯೇ, ಆದರೆ ಕಿಲೋಮೀಟರುಗಟ್ಟಲೆ ಉದ್ದ. ಅದರ ಮೇಲೆ ವಿಮಾನ ನಿಂತಿದೆ. ವಿಮಾನ ಎಷ್ಟು ವೇಗದಲ್ಲಿ ಮುಂದಕ್ಕೆ ಹೋಗುತ್ತದೋ ಅಷ್ಟೇ ವೇಗದಲ್ಲಿ ಬೆಲ್ಟ್ ಹಿಂದಕ್ಕೆ ಓಡುತ್ತದೆ. ಈಗ ಹೇಳಿ, ವಿಮಾನ ಮೇಲೇಳುತ್ತದೆಯೇ?

ಇಲ್ಲ ಎಂಬ ಉತ್ತರ ತಟ್ಟನೆ ಬಾಯಿಗೆ ಬರುತ್ತದೆ. ಟ್ರೆಡ್‌ಮಿಲ್ ಮೇಲೆ ಓಡುವವನು ಎಷ್ಟೇ ಓಡಿದರೂ ಇದ್ದಲ್ಲೇ ಇರುತ್ತಾನಲ್ಲ, ವಿಮಾನವೂ ಹಾಗೆಯೇ ಇರಬೇಕು ಎಂದು ನಮ್ಮ ಮನಸ್ಸು ಲೆಕ್ಕ ಹಾಕುತ್ತದೆ. ಆದರೆ ಸರಿಯಾದ ಉತ್ತರ, ಹೌದು, ಮೇಲೇಳುತ್ತದೆ. 2008ರಲ್ಲಿ ಅಮೆರಿಕದ ಮಿತ್‌ಬಸ್ಟರ್ಸ್ ಎಂಬ ಟಿವಿ ಕಾರ್ಯಕ್ರಮದವರು ಒಂದು ಪುಟ್ಟ ವಿಮಾನವನ್ನು ಉದ್ದನೆಯ ಹಾಸಿನ ಮೇಲೆ ನಿಲ್ಲಿಸಿ, ಹಾಸನ್ನು ವಾಹನಕ್ಕೆ ಕಟ್ಟಿ ಹಿಂದಕ್ಕೆ ಎಳೆಸಿ ನೋಡಿದರು. ವಿಮಾನ ಏನೂ ಆಗಿಲ್ಲವೆಂಬಂತೆ ಮುಂದೆ ಓಡಿ ಹಾರಿಹೋಯಿತು.

ಕಾರಣ ಸರಳ. ಕಾರಿನ ಎಂಜಿನ್ ಚಕ್ರವನ್ನು ತಿರುಗಿಸುತ್ತದೆ, ಚಕ್ರ ನೆಲವನ್ನು ಹಿಂದಕ್ಕೆ ಒದೆಯುತ್ತದೆ. ವಿಮಾನದ ಎಂಜಿನ್‌ಗೆ ಚಕ್ರದ ಜೊತೆ ಸಂಬಂಧವೇ ಇಲ್ಲ. ಅದು ಒದೆಯುವುದು ಗಾಳಿಯನ್ನು. ಚಕ್ರಗಳು ಸುಮ್ಮನೆ ಉರುಳಿಕೊಂಡು ಬರುತ್ತವೆ. ನೀವು ಕಾಲಿಗೆ ಸ್ಕೇಟ್ಸ್ ಕಟ್ಟಿಕೊಂಡು ಟ್ರೆಡ್‌ಮಿಲ್ ಮೇಲೆ ನಿಂತು, ಎದುರಿನ ಗೋಡೆಗೆ ಕಟ್ಟಿದ ಹಗ್ಗವನ್ನು ಹಿಡಿದು ಎಳೆದುಕೊಂಡರೆ ಏನಾಗುತ್ತದೆ? ಬೆಲ್ಟ್ ಎಷ್ಟೇ ಜೋರಾಗಿ ಹಿಂದಕ್ಕೆ ಓಡಲಿ, ಸ್ಕೇಟ್ಸ್‌ನ ಗಾಲಿಗಳು ಇನ್ನಷ್ಟು ಜೋರಾಗಿ ತಿರುಗುತ್ತವೆ ಅಷ್ಟೇ. ನೀವು ಮುಂದಕ್ಕೆ ಹೋಗುತ್ತೀರಿ. ವಿಮಾನಕ್ಕೆ ಗಾಳಿಯೇ ಆ ಹಗ್ಗ. ಬೆಲ್ಟ್ ಮೇಲೆ ಅದರ ಚಕ್ರಗಳು ಎರಡರಷ್ಟು ವೇಗದಲ್ಲಿ ತಿರುಗಬಹುದು, ಅದರಿಂದ ರೆಕ್ಕೆಗೆ ಆಗಬೇಕಾದ್ದೇನೂ ಇಲ್ಲ.

ಅಂದರೆ ವಿಮಾನಕ್ಕೆ ಎರಡು ವೇಗಗಳಿವೆ. ಒಂದು ನೆಲದ ಲೆಕ್ಕದ್ದು, ಇನ್ನೊಂದು ಗಾಳಿಯ ಲೆಕ್ಕದ್ದು. ನೋಡುವವರ ಕಣ್ಣಿಗೆ ಬೀಳುವುದು ಮೊದಲನೆಯದು, ವಿಮಾನವನ್ನು ಎತ್ತುವುದು ಎರಡನೆಯದು. ಈ ಒಗಟು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅದರ ಉತ್ತರವನ್ನು ತನ್ನ ಮೈಮೇಲೆ ಎಳೆದುಕೊಂಡು ಕಲಿತ ಒಬ್ಬನಿದ್ದ. ಅವನ ಹೆಸರು ವಿಲ್ಬರ್ ರೈಟ್. ರೈಟ್ ಸಹೋದರರು ಎಂದು ಒಂದೇ ಉಸಿರಿನಲ್ಲಿ ನಾವು ಹೇಳಿಬಿಡುವ ಇಬ್ಬರಲ್ಲಿ ದೊಡ್ಡವನು.

ಮನೆಯಲ್ಲೇ ಉಳಿದ ಹುಡುಗ

ವಿಲ್ಬರ್ ಹುಟ್ಟಿದ್ದು 1867ರ ಏಪ್ರಿಲ್ 16ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ಮಿಲ್‌ವಿಲ್ ಎಂಬ ಹಳ್ಳಿಯ ಹತ್ತಿರ. ತಂದೆ ಮಿಲ್ಟನ್ ರೈಟ್ ಕ್ರೈಸ್ತ ಪಾದ್ರಿ, ಮುಂದೆ ಬಿಷಪ್ ಆದವರು. ಚರ್ಚಿನ ಕೆಲಸಕ್ಕಾಗಿ ಊರೂರು ತಿರುಗುತ್ತಿದ್ದ ಅವರು ಮನೆ ತುಂಬ ಪುಸ್ತಕ ಇಟ್ಟುಕೊಂಡಿದ್ದರು. ತಾಯಿ ಸೂಸಾನ್ ಅವರದು ಯಂತ್ರಗಳ ಕೈ. ಮನೆಯ ಸಾಮಾನು ಕೆಟ್ಟರೆ ಅವರೇ ಸರಿಮಾಡುತ್ತಿದ್ದರು, ಮಕ್ಕಳಿಗೆ ಆಟಿಕೆಗಳನ್ನೂ ಮಾಡಿಕೊಡುತ್ತಿದ್ದರು. 1878ರಲ್ಲಿ ತಂದೆ ಬಿದಿರು, ಕಾಗದ, ಬೆಂಡಿನಿಂದ ಮಾಡಿದ ಒಂದು ಆಟಿಕೆ ತಂದರು. ರಬ್ಬರ್ ಬ್ಯಾಂಡ್ ತಿರುಚಿ ಬಿಟ್ಟರೆ ಅದು ಛಾವಣಿಯವರೆಗೆ ಹಾರುತ್ತಿತ್ತು. 11 ವರ್ಷದ ವಿಲ್ಬರ್ ಮತ್ತು 7 ವರ್ಷದ ಆರ್ವಿಲ್ ಅದು ಮುರಿಯುವವರೆಗೂ ಆಡಿದರು, ಮುರಿದ ಮೇಲೆ ಅಂಥದ್ದೇ ತಾವೇ ಮಾಡಿಕೊಂಡರು.

ವಿಲ್ಬರ್ ಓದಿನಲ್ಲಿ ಚುರುಕು. ಹೈಸ್ಕೂಲಿನ ನಾಲ್ಕೂ ವರ್ಷ ಓದಿದ್ದ. ಆದರೆ 1884ರಲ್ಲಿ, ಪದವಿ ಪ್ರದಾನಕ್ಕೆ ಮೊದಲೇ, ಕುಟುಂಬ ಓಹಾಯೊ ರಾಜ್ಯದ ಡೇಟನ್ ನಗರಕ್ಕೆ ಗಂಟುಮೂಟೆ ಕಟ್ಟಿತು. ಹಾಗಾಗಿ ಅವನ ಕೈಗೆ ಸರ್ಟಿಫಿಕೇಟ್ ಬರಲೇ ಇಲ್ಲ. ಪರವಾಗಿಲ್ಲ, ಯೇಲ್ ವಿಶ್ವವಿದ್ಯಾಲಯಕ್ಕೆ ಸೇರಿಸೋಣ ಎಂದು ಮನೆಯಲ್ಲಿ ಮಾತು ನಡೆದಿತ್ತು. ಅಷ್ಟರಲ್ಲಿ ಒಂದು ಚಳಿಗಾಲ, ಗೆಳೆಯರ ಜೊತೆ ಮಂಜುಗಡ್ಡೆಯ ಮೇಲೆ ಹಾಕಿ ಆಡುವಾಗ ಎದುರಾಳಿಯ ಕೋಲು ಅವನ ಮುಖಕ್ಕೆ ಬಡಿಯಿತು. ಮುಂದಿನ ಹಲ್ಲುಗಳು ಹೋದವು. ಗಾಯ ಮಾಗಿದರೂ ಹುಡುಗ ಮಾಗಲಿಲ್ಲ. ಎದೆ ಡವಡವ ಎನ್ನುವುದು, ಊಟ ಜೀರ್ಣವಾಗದಿರುವುದು ಶುರುವಾಯಿತು. ತನ್ನ ಹೃದಯವೇ ದುರ್ಬಲವಾಗಿದೆ, ಓದಿಸಿದರೂ ಹಣ ದಂಡ ಎಂಬ ಭಯ ಅವನನ್ನು ಹಿಡಿಯಿತು. ಯೇಲ್ ಮಾತು ಅಲ್ಲಿಗೇ ನಿಂತಿತು.

ಅದೇ ಹೊತ್ತಿಗೆ ತಾಯಿಗೆ ಕ್ಷಯರೋಗ. ಬಿಷಪ್ ಊರ ಮೇಲೆ, ಅಣ್ಣಂದಿರು ತಮ್ಮ ತಮ್ಮ ಸಂಸಾರದ ದಾರಿಯಲ್ಲಿ, ತಮ್ಮ ತಂಗಿ ಇನ್ನೂ ಶಾಲೆಯಲ್ಲಿ. ವಿಲ್ಬರ್ ತಾಯಿಯ ಸೇವೆಗೆ ನಿಂತ. ಬೆಳಿಗ್ಗೆ ಅವರನ್ನು ಎತ್ತಿಕೊಂಡು ಮಹಡಿಯಿಂದ ಇಳಿಸುವುದು, ರಾತ್ರಿ ಮತ್ತೆ ಎತ್ತಿಕೊಂಡು ಹತ್ತುವುದು. ಉಳಿದ ಹೊತ್ತಿನಲ್ಲಿ ತಂದೆಯ ಪುಸ್ತಕಗಳು. ಮೂರು ವರ್ಷಕ್ಕೂ ಹೆಚ್ಚು ಕಾಲ ಹೀಗೆಯೇ ಹೋಯಿತು. ದೂರದ ಊರಿನಲ್ಲಿದ್ದ ಅಣ್ಣ ಲೋರಿನ್ ತಂಗಿ ಕ್ಯಾಥರೀನ್‌ಗೆ ಬರೆದ ಕಾಗದದಲ್ಲಿ, ವಿಲ್ ಏನು ಮಾಡುತ್ತಿದ್ದಾನೆ, ಇನ್ನೂ ಅಡುಗೆಮನೆ ಕೆಲಸದಲ್ಲೇ ಇದ್ದಾನಾ ಎಂದು ವಿಚಾರಿಸಿದ್ದುಂಟು. ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತವರಿಗೆ ಈ ಪ್ರಶ್ನೆಯ ಮೊನಚು ಗೊತ್ತು. ಮದುವೆ ಮನೆಯಲ್ಲೋ ಬಸ್ ನಿಲ್ದಾಣದಲ್ಲೋ ಸಿಕ್ಕವರು ಕೇಳುವುದೂ ಇದನ್ನೇ. ಕೇಳುವವರು ಅಳೆಯುವುದು ನೆಲದ ವೇಗವನ್ನು. ಆ ಲೆಕ್ಕದಲ್ಲಿ 20 ದಾಟಿದ ವಿಲ್ಬರ್ ಒಂದಡಿಯೂ ಮುಂದೆ ಹೋಗಿರಲಿಲ್ಲ. ಚರಿತ್ರೆ, ವಿಜ್ಞಾನ, ವಿಶ್ವಕೋಶಗಳನ್ನು ಅವನು ಅರಗಿಸಿಕೊಳ್ಳುತ್ತಿದ್ದುದು ಯಾವ ಲೆಕ್ಕಕ್ಕೂ ಬರಲಿಲ್ಲ.

1889ರ ಜುಲೈ 4ರಂದು ತಾಯಿ ತೀರಿಕೊಂಡರು. ಆ ವರ್ಷ ಆರ್ವಿಲ್ ಶುರುಮಾಡಿದ್ದ ಮುದ್ರಣ ಕೆಲಸಕ್ಕೆ ವಿಲ್ಬರ್ ಕೈಜೋಡಿಸಿ, ಒಂದು ಸಣ್ಣ ಸ್ಥಳೀಯ ಪತ್ರಿಕೆಯ ಸಂಪಾದಕನಾದ. ಪತ್ರಿಕೆ ಬಹಳ ದಿನ ನಡೆಯಲಿಲ್ಲ. 1892ರಲ್ಲಿ, ಅಮೆರಿಕಕ್ಕೆ ಸೈಕಲ್ ಹುಚ್ಚು ಹಿಡಿದಿದ್ದ ಕಾಲದಲ್ಲಿ, ಸಹೋದರರು ಸೈಕಲ್ ಅಂಗಡಿ ತೆರೆದರು. ರಿಪೇರಿಯಿಂದ ಶುರುವಾಗಿ 1896ರ ಹೊತ್ತಿಗೆ ತಮ್ಮದೇ ಸೈಕಲ್ ತಯಾರಿಸತೊಡಗಿದರು. ಹೊಟ್ಟೆಪಾಡಿಗೆ ತೊಂದರೆ ಇರಲಿಲ್ಲ. ಆದರೂ 27ರ ವಯಸ್ಸಿನಲ್ಲಿ ವಿಲ್ಬರ್ ತಂದೆಗೆ ಪತ್ರ ಬರೆದು, ವ್ಯಾಪಾರ ತನಗೆ ಒಗ್ಗದು, ಕಾಲೇಜು ಸೇರಿ ಶಿಕ್ಷಕನಾಗಬಹುದೇನೋ ಎಂದು ತೋಡಿಕೊಂಡಿದ್ದ. ತಂದೆ ಒಪ್ಪಿದರು. ಅವನು ಮಾತ್ರ ಹೋಗಲಿಲ್ಲ. ಯಾವ ದಾರಿ ಎಂದು ತಿಳಿಯದ ಆ ಅಡ್ಡದಾರಿಯಲ್ಲಿ ಇನ್ನೂ ಐದು ವರ್ಷ ಕಳೆದವು.

ಗಾಳಿ ಇರುವಲ್ಲಿಗೆ

1896ರ ಆಗಸ್ಟ್‌ನಲ್ಲಿ ಜರ್ಮನಿಯ ಒಟ್ಟೊ ಲಿಲಿಯೆಂತಾಲ್ ಗ್ಲೈಡರ್‌ನಿಂದ ಬಿದ್ದು ಸತ್ತ ಸುದ್ದಿ ಬಂತು. ಗುಡ್ಡದಿಂದ ಜಿಗಿದು ರೆಕ್ಕೆಯ ಮೇಲೆ ತೇಲುವುದನ್ನು ಸಾವಿರಾರು ಬಾರಿ ಮಾಡಿ ತೋರಿಸಿದ್ದ ಎಂಜಿನಿಯರ್ ಆತ. ವಿಲ್ಬರ್ ಮನಸ್ಸಿನಲ್ಲಿ ಬಾಲ್ಯದ ಆಟಿಕೆ ಮತ್ತೆ ತಿರುಗತೊಡಗಿತು. 1899ರ ಮೇ 30ರಂದು ಅವನು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಗೆ ಒಂದು ಪತ್ರ ಬರೆದ. ಹಾರಾಟದ ಬಗ್ಗೆ ಪ್ರಕಟವಾದದ್ದನ್ನು ಕಳಿಸಿಕೊಡಿ, ಓದಬೇಕು ಎಂಬುದು ಅದರ ತಿರುಳು. ಸರ್ಟಿಫಿಕೇಟ್ ಇಲ್ಲದ ಸೈಕಲ್ ಅಂಗಡಿಯವನ ಪತ್ರಕ್ಕೆ ಸಂಸ್ಥೆ ಉತ್ತರಿಸಿತು, ಪುಸ್ತಿಕೆಗಳನ್ನೂ ಕಳಿಸಿತು.

ಓದಿ ಮುಗಿಸಿದಾಗ ಒಂದು ವಿಷಯ ಅವನಿಗೆ ಹೊಳೆಯಿತು. ಉಳಿದವರೆಲ್ಲ ಶಕ್ತಿಯುಳ್ಳ ಎಂಜಿನ್‌ನ ಹಿಂದೆ ಬಿದ್ದಿದ್ದರು. ನಿಜವಾದ ಕಷ್ಟ ಇದ್ದದ್ದು ಗಾಳಿಯಲ್ಲಿ ಸಮತೋಲ ಕಾಯುವುದರಲ್ಲಿ. ಸೈಕಲ್ ಕಲಿಯುವವನಿಗೆ ಗೊತ್ತಿರುವಂತೆ ಸಮತೋಲ ಪುಸ್ತಕದಿಂದ ಬರುವುದಿಲ್ಲ, ಹತ್ತಿ ಬಿದ್ದೇ ಕಲಿಯಬೇಕು. ಆದರೆ ಲಿಲಿಯೆಂತಾಲ್ ಸಾವಿರಾರು ಬಾರಿ ಹಾರಿದರೂ, ಪ್ರತಿ ಬಾರಿ ಕೆಲವೇ ಸೆಕೆಂಡು. ಎಲ್ಲ ಕೂಡಿಸಿದರೆ ಐದು ವರ್ಷದಲ್ಲಿ ಸುಮಾರು ಐದು ಗಂಟೆ ಎಂದು ವಿಲ್ಬರ್ ಲೆಕ್ಕ ಹಾಕಿದ. ಐದು ವರ್ಷದಲ್ಲಿ ಐದೇ ಗಂಟೆ ಸೈಕಲ್ ತುಳಿದವನು ಸಂತೆಯ ಬೀದಿಗೆ ಇಳಿದರೆ ಏನಾದೀತು?

ಹಾಗಿದ್ದರೆ ಅಭ್ಯಾಸದ ಹೊತ್ತು ಹೆಚ್ಚಿಸುವುದು ಹೇಗೆ? ಇಲ್ಲಿ ಎರಡು ವೇಗಗಳ ಲೆಕ್ಕ ಕೈಹಿಡಿಯಿತು. ರೆಕ್ಕೆಗೆ ಬೇಕಾದ್ದು ತನ್ನ ಮೇಲೆ ಹರಿಯುವ ಗಾಳಿ. ರೆಕ್ಕೆ ಓಡಿ ಗಾಳಿಯನ್ನು ಸೀಳಿದರೂ ಸರಿ, ರೆಕ್ಕೆ ನಿಂತು ಗಾಳಿಯೇ ಎದುರು ಓಡಿಬಂದರೂ ಸರಿ. ಬಾಲಂಗೋಚಿ ಕಟ್ಟಿದ ಗಾಳಿಪಟ ನಮ್ಮ ಹೊಲದ ಮೇಲೆ ನಿಂತಲ್ಲೇ ನಿಲ್ಲುತ್ತದಲ್ಲ, ಅದರ ನೆಲದ ವೇಗ ಸೊನ್ನೆ. ಆದರೂ ಅದು ಹಾರುತ್ತಿದೆ. ಗಂಟೆಗೆ 30-40 ಕಿಲೋಮೀಟರ್ ವೇಗದ ಗಾಳಿ ಸದಾ ಬೀಸುವ ಜಾಗ ಸಿಕ್ಕರೆ, ಮನುಷ್ಯನನ್ನು ಹೊತ್ತ ಗ್ಲೈಡರನ್ನು ಗಾಳಿಪಟದಂತೆ ಹಗ್ಗ ಕಟ್ಟಿ ಒಂದೇ ಕಡೆ ಗಂಟೆಗಟ್ಟಲೆ ಹಾರಿಸಬಹುದು.

ಗಾಳಿ ಬಂದಾಗ ತೂರಿಕೋ ಎಂಬುದು ನಮ್ಮ ಗಾದೆ. ವಿಲ್ಬರ್ ಗಾಳಿ ಬರಲೆಂದು ಡೇಟನ್‌ನಲ್ಲಿ ಕಾಯಲಿಲ್ಲ, ಅದು ಬೀಸುವಲ್ಲಿಗೆ ಹೊರಟ. ಹವಾಮಾನ ಇಲಾಖೆಗೆ ಬರೆದು ಹೆಚ್ಚು ಗಾಳಿಯ ಊರುಗಳ ವಿವರ ತರಿಸಿಕೊಂಡ. ಅದರಲ್ಲಿ ಉತ್ತರ ಕೆರೊಲಿನಾದ ಕಡಲ ಅಂಚಿನ ಕಿಟ್ಟಿ ಹಾಕ್ ಎಂಬ ಮೀನುಗಾರರ ಹಳ್ಳಿ ಕಣ್ಣಿಗೆ ಬಿತ್ತು. ಅಲ್ಲಿ ಗಾಳಿಯೂ ಇತ್ತು, ಬಿದ್ದರೆ ಮೂಳೆ ಮುರಿಯದಂಥ ಮರಳೂ ಇತ್ತು. 1900ರ ಸೆಪ್ಟೆಂಬರ್‌ನಲ್ಲಿ ಸೋರುವ ದೋಣಿಯೊಂದರಲ್ಲಿ, ಬಿರುಗಾಳಿಗೆ ಸಿಕ್ಕಿ, ಹೇಗೋ ಆ ದಡ ಮುಟ್ಟಿದ. ಊರಿನ ಬಿಲ್ ಟೇಟ್ ಎಂಬುವರು ಮನೆಯಲ್ಲಿ ಜಾಗ ಕೊಟ್ಟರು. ಅವರ ಹೆಂಡತಿಯ ಹೊಲಿಗೆ ಯಂತ್ರದಲ್ಲಿ ವಿಲ್ಬರ್ ರೆಕ್ಕೆಯ ಬಟ್ಟೆ ಹೊಲಿದ. ಆ ವರ್ಷ ಅವನು ಗ್ಲೈಡರ್ ಮೇಲೆ ಮಲಗಿ ಸ್ವತಂತ್ರವಾಗಿ ತೇಲಿದ್ದು ಒಟ್ಟು ಎರಡು ನಿಮಿಷವಷ್ಟೇ. ಆದರೆ ರೆಕ್ಕೆಯ ತುದಿಗಳನ್ನು ತಿರುಚಿ ಸಮತೋಲ ಕಾಯಬಹುದು ಎಂಬ ತನ್ನ ಉಪಾಯ ಕೆಲಸ ಮಾಡುತ್ತದೆ ಎಂದು ಖಾತ್ರಿಯಾಯಿತು.

ಪುಸ್ತಕದ ಅಂಕಿ ಕೈಕೊಟ್ಟಾಗ

1901ರಲ್ಲಿ ದೊಡ್ಡ ರೆಕ್ಕೆಯ ಹೊಸ ಗ್ಲೈಡರ್ ಹೊತ್ತು ಸಹೋದರರು ಮತ್ತೆ ಬಂದರು. ಅದು ಮುಖಭಂಗದ ವರ್ಷ. ಲಿಲಿಯೆಂತಾಲ್ ಪ್ರಕಟಿಸಿದ್ದ ಕೋಷ್ಟಕಗಳ ಪ್ರಕಾರ ರೆಕ್ಕೆ ಎಷ್ಟು ಭಾರ ಎತ್ತಬೇಕಿತ್ತೋ ಅದರ ಮೂರನೇ ಒಂದು ಭಾಗದಷ್ಟನ್ನು ಮಾತ್ರ ಎತ್ತಿತು. ಎಲ್ಲಿ ತಪ್ಪಿದೆ ಎಂದೇ ತಿಳಿಯಲಿಲ್ಲ. ವಾಪಸು ಬರುವ ರೈಲಿನಲ್ಲಿ ವಿಲ್ಬರ್ ಕುಗ್ಗಿಹೋಗಿದ್ದ. ಮನುಷ್ಯ ಹಾರಬಹುದು, ಆದರೆ ನಮ್ಮ ಕಾಲದಲ್ಲಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದ. ಕೈಬಿಟ್ಟಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಅಂಗಡಿ ಇತ್ತು, ಊಟ ನಡೆಯುತ್ತಿತ್ತು.

ಅವನು ಮಾಡಿದ್ದು ಇಷ್ಟು. ಪುಸ್ತಕದ ಅಂಕಿಯನ್ನು ಬದಿಗಿಟ್ಟು ತಾನೇ ಅಳೆಯಲು ಹೊರಟ. ಮೊದಲು ಸೈಕಲ್ ಹ್ಯಾಂಡಲ್ ಮುಂದೆ ಇನ್ನೊಂದು ಚಕ್ರವನ್ನು ಅಡ್ಡಡ್ಡ ಮಲಗಿಸಿ ಕೂರಿಸಿದರು. ಅದರ ಅಂಚಿಗೆ ಒಂದು ಕಡೆ ಪುಟ್ಟ ಬಾಗಿದ ರೆಕ್ಕೆ, ಇನ್ನೊಂದು ಕಡೆ ಚಪ್ಪಟೆ ತಗಡು. ಸೈಕಲ್ ತುಳಿದುಕೊಂಡು ಜೋರಾಗಿ ಹೋದರೆ ಎದುರು ಗಾಳಿ ಎರಡಕ್ಕೂ ಬಡಿಯುತ್ತದೆ. ಪುಸ್ತಕ ಸರಿಯಿದ್ದರೆ ಎರಡೂ ಸಮನಾಗಿ ನಿಂತು ಚಕ್ರ ತಿರುಗಬಾರದು. ಚಕ್ರ ತಿರುಗಿತು. ಡೇಟನ್ ಬೀದಿಯ ಜನ ಈ ವಿಚಿತ್ರ ಸವಾರಿ ನೋಡಿ ಏನೆಂದುಕೊಂಡರೋ!

ಆದರೆ ಬೀದಿಯ ಗಾಳಿ ನಂಬಿಕಸ್ಥನಲ್ಲ. ಆದ್ದರಿಂದ ರೆಕ್ಕೆಯನ್ನು ನಿಲ್ಲಿಸಿ ಗಾಳಿಯನ್ನೇ ಓಡಿಸುವ ಮರದ ಪೆಟ್ಟಿಗೆ ಮಾಡಿದರು. 6 ಅಡಿ ಉದ್ದ, 16 ಅಂಗುಲ ಅಗಲ ಮತ್ತು ಎತ್ತರ, ಒಂದು ತುದಿಯಲ್ಲಿ ಫ್ಯಾನ್, ಒಳಗೆ ನೋಡಲು ಗಾಜಿನ ಕಿಟಕಿ. ಒಳಗಿನ ತಕ್ಕಡಿಯನ್ನು ಗರಗಸದ ಬ್ಲೇಡು ಮತ್ತು ಸೈಕಲ್ ಕಡ್ಡಿಯ ತಂತಿಯಿಂದ ಮಾಡಿದ್ದರು. ಇದೇ ಅವರ ವಿಂಡ್ ಟನಲ್. ಒಗಟಿನ ಬೆಲ್ಟ್‌ಗೆ ಇದು ಸರಿಯಾಗಿ ತಿರುಗುಮುರುಗು. ಅಲ್ಲಿ ನೆಲ ಓಡುತ್ತದೆ, ಗಾಳಿ ಸುಮ್ಮನಿರುತ್ತದೆ. ಇಲ್ಲಿ ನೆಲ ಸುಮ್ಮನಿರುತ್ತದೆ, ಗಾಳಿ ಓಡುತ್ತದೆ. ರೆಕ್ಕೆಗೆ ಅರ್ಥವಾಗುವ ಭಾಷೆ ಎರಡನೆಯದು ಮಾತ್ರ. ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯದ ದೊಡ್ಡ ವಿಂಡ್ ಟನಲ್‌ನಲ್ಲಿ ವಿಮಾನದ ಮಾದರಿಗಳನ್ನು ನಿಲ್ಲಿಸಿ ಪರೀಕ್ಷಿಸುವಾಗಲೂ ನಡೆಯುವುದು ಇದೇ ತತ್ವ.

1901ರ ಕೊನೆಯ ತಿಂಗಳುಗಳಲ್ಲಿ ಸುಮಾರು 200 ಆಕಾರದ ಪುಟ್ಟ ರೆಕ್ಕೆಗಳನ್ನು ಆ ಪೆಟ್ಟಿಗೆಯಲ್ಲಿ ಪರೀಕ್ಷಿಸಿದರು. ಗುಟ್ಟು ಒಂದೊಂದಾಗಿ ಬಿಚ್ಚಿಕೊಂಡಿತು. ಲಿಲಿಯೆಂತಾಲ್ ಅಳತೆಗಳು ಅವನ ರೆಕ್ಕೆಯ ಆಕಾರಕ್ಕೆ ಬಹುಪಾಲು ಸರಿಯೇ ಇದ್ದವು, ಇವರ ರೆಕ್ಕೆಯ ಆಕಾರ ಬೇರೆ. ಇನ್ನು ಗಾಳಿಯ ಒತ್ತಡಕ್ಕೆ ಎಲ್ಲರೂ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಳಸುತ್ತಿದ್ದ 0.005 ಎಂಬ ಗುಣಾಂಕವೇ ಹೆಚ್ಚಾಗಿತ್ತು. ಸಹೋದರರ ಲೆಕ್ಕಕ್ಕೆ ಸಿಕ್ಕಿದ್ದು ಸುಮಾರು 0.0033. ಇಂದಿನ ಅಳತೆಗೂ ಅದು ಹತ್ತಿರದ್ದೇ. ಮರುವರ್ಷ, 1902ರಲ್ಲಿ, ತಮ್ಮದೇ ಅಂಕಿಗಳ ಮೇಲೆ ಕಟ್ಟಿದ ಗ್ಲೈಡರ್ ನೂರಾರು ಬಾರಿ ಹಾರಿತು. ಹೇಳಿದ ಮಾತು ಕೇಳಿತು.

ಹಳಿಯ ಮೇಲೆ ಉಳಿದ ಗಾಲಿ

ಇನ್ನು ಎಂಜಿನ್. ಮಾರುಕಟ್ಟೆಯಲ್ಲಿ ಸಾಕಷ್ಟು ಹಗುರವಾದದ್ದು ಸಿಗಲಿಲ್ಲ. ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರು ವಾರದಲ್ಲಿ ಸುಮಾರು 12 ಅಶ್ವಶಕ್ತಿಯ ಎಂಜಿನ್ ಮಾಡಿಕೊಟ್ಟ. ಪ್ರೊಪೆಲ್ಲರ್‌ಗೆ ಹಡಗಿನ ಪುಸ್ತಕಗಳನ್ನು ತಿರುವಿ ಹಾಕಿದರು, ಉಪಯೋಗಕ್ಕೆ ಬರುವಂಥದ್ದೇನೂ ಸಿಗಲಿಲ್ಲ. ಅಣ್ಣ ತಮ್ಮ ತಿಂಗಳುಗಟ್ಟಲೆ ಜಗಳವಾಡಿದರು. ಎಷ್ಟೋ ಸಲ ವಾದ ಮಾಡಿ ಮಾಡಿ ಕೊನೆಗೆ ಇವನ ಪಕ್ಷಕ್ಕೆ ಅವನು, ಅವನ ಪಕ್ಷಕ್ಕೆ ಇವನು ಬಂದಿರುತ್ತಿದ್ದರು. ಆ ಜಗಳದಲ್ಲೇ ಪ್ರೊಪೆಲ್ಲರ್ ಎಂದರೆ ಸುತ್ತುವ ರೆಕ್ಕೆ ಎಂಬ ಅರಿವು ಹುಟ್ಟಿತು. ಅದಕ್ಕೂ ವಿಂಡ್ ಟನಲ್‌ನ ಅಂಕಿಗಳೇ ಸಾಕಾದವು. ಎಂಜಿನ್‌ನಿಂದ ಎರಡು ಪ್ರೊಪೆಲ್ಲರ್‌ಗಳಿಗೆ ಸೈಕಲ್‌ನಲ್ಲಿರುವಂಥ ಚೈನ್.

ಈ ವಿಮಾನಕ್ಕೆ ಚಕ್ರಗಳೇ ಇರಲಿಲ್ಲ. ಕೆಳಗಿದ್ದದ್ದು ಮರದ ಜಾರುಪಟ್ಟಿ. ಮರಳಿನ ಮೇಲೆ 60 ಅಡಿ ಉದ್ದದ ಮರದ ಹಳಿ ಹಾಸಿ, ಅದರ ಮೇಲೆ ಸೈಕಲ್ ಹಬ್‌ನಿಂದ ಮಾಡಿದ ಪುಟ್ಟ ಗಾಲಿಗಳ ಹಲಗೆ ಇಟ್ಟು, ಆ ಹಲಗೆಯ ಮೇಲೆ ವಿಮಾನ ಕೂರಿಸಿದರು. ವಿಮಾನ ಎದ್ದರೆ ಗಾಲಿ ಹಳಿಯ ಮೇಲೆಯೇ ಉಳಿಯಬೇಕು.

1903ರ ಡಿಸೆಂಬರ್ 8ರಂದು ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಅವರ ವಿಮಾನ ಎರಡನೇ ಸಲ ಪೊಟೋಮ್ಯಾಕ್ ನದಿಗೆ ಬಿದ್ದಿತ್ತು. ಅದಕ್ಕೆ ಅಮೆರಿಕ ಸರ್ಕಾರ 50,000 ಡಾಲರ್ ಕೊಟ್ಟಿತ್ತು. ಸಹೋದರರು ಅಷ್ಟೂ ವರ್ಷಗಳಲ್ಲಿ ತಮ್ಮ ಜೇಬಿನಿಂದ ಹಾಕಿದ್ದು 1,000 ಡಾಲರಿಗಿಂತ ಕಡಿಮೆ. ಡಿಸೆಂಬರ್ 14ರಂದು ನಾಣ್ಯ ಚಿಮ್ಮಿದರು. ವಿಲ್ಬರ್ ಗೆದ್ದ. ವಿಮಾನ ಎದ್ದಿತು, ಅವನು ಮೂತಿಯನ್ನು ಅತಿಯಾಗಿ ಮೇಲೆತ್ತಿದ, ಮೂರೂವರೆ ಸೆಕೆಂಡಿನಲ್ಲಿ ಮರಳಿಗೆ ಬಿತ್ತು. ರಿಪೇರಿ ಮಾಡಿ, ಡಿಸೆಂಬರ್ 17ರಂದು ಆರ್ವಿಲ್ ಸರದಿ.

ಅಂದು ಕೊರೆಯುವ ಚಳಿ, ಮೈ ತಳ್ಳುವಂಥ ಎದುರು ಗಾಳಿ. ಹಳಿಯನ್ನು ಗಾಳಿಗೆ ಮುಖಮಾಡಿ ಹಾಸಿದ್ದರು. ಬೆಳಿಗ್ಗೆ 10.35ಕ್ಕೆ ಹಗ್ಗ ಬಿಚ್ಚಿದಾಗ ವಿಮಾನ ಎಷ್ಟು ನಿಧಾನ ಹೊರಟಿತೆಂದರೆ, ವಿಲ್ಬರ್ ರೆಕ್ಕೆ ಹಿಡಿದುಕೊಂಡು ಪಕ್ಕದಲ್ಲೇ ಓಡಿದ. ಸುಮಾರು 40 ಅಡಿ ಉರುಳಿದ ಮೇಲೆ ವಿಮಾನ ಎದ್ದಿತು, ಗಾಲಿಯ ಹಲಗೆ ಹಳಿಯ ಮೇಲೆ ಉಳಿಯಿತು. 12 ಸೆಕೆಂಡು, 120 ಅಡಿ. ಜಗತ್ಪ್ರಸಿದ್ಧವಾದ ಆ ಫೋಟೊದಲ್ಲಿ ಕೈಬಿಟ್ಟು ನಿಂತು ನೋಡುತ್ತಿರುವ ಕರಿ ಕೋಟಿನ ಮನುಷ್ಯನೇ ವಿಲ್ಬರ್.

ಈಗ ಲೆಕ್ಕ ನೋಡಿ. 12 ಸೆಕೆಂಡಿಗೆ 120 ಅಡಿ ಎಂದರೆ ಸೆಕೆಂಡಿಗೆ 10 ಅಡಿ, ಗಂಟೆಗೆ ಸುಮಾರು 11 ಕಿಲೋಮೀಟರ್. ಬೆಳಗಿನ ಓಟಕ್ಕೆ ಹೋಗುವವರ ವೇಗ. ಎದುರು ಗಾಳಿ ಸೆಕೆಂಡಿಗೆ ಸುಮಾರು 35 ಅಡಿ. ಎರಡೂ ಕೂಡಿದರೆ ರೆಕ್ಕೆಗೆ ಸಿಕ್ಕಿದ ವೇಗ ಸೆಕೆಂಡಿಗೆ 45 ಅಡಿ, ಗಂಟೆಗೆ ಸುಮಾರು 49 ಕಿಲೋಮೀಟರ್. ನೆಲದ ಮೇಲೆ 120 ಅಡಿ ದಾಟಿದ ವಿಮಾನ ಗಾಳಿಯೊಳಗೆ 540 ಅಡಿ ಸಾಗಿತ್ತು. ಅಂದು ಯಾರಾದರೂ ಆ ಹಳಿಯನ್ನೇ ಹಿಂದಕ್ಕೆ ಎಳೆದಿದ್ದರೆ? ಪುಟ್ಟ ಗಾಲಿಗಳು ಇನ್ನಷ್ಟು ಗರಗರ ತಿರುಗುತ್ತಿದ್ದವು, ವಿಮಾನ ಹೇಗಿದ್ದರೂ ಏಳುತ್ತಿತ್ತು. ಬೆಲ್ಟ್ ಮೇಲಿನ ವಿಮಾನದ ಒಗಟಿಗೆ ಉತ್ತರ ಕಿಟ್ಟಿ ಹಾಕ್‌ನ ಮರಳಿನ ಮೇಲೆ ಬಿದ್ದಿದ್ದ ಆ ಹಲಗೆಯಲ್ಲೇ ಇದೆ. ಅಂದಿನ ನಾಲ್ಕನೇ ಹಾರಾಟ ವಿಲ್ಬರ್‌ನದು. 59 ಸೆಕೆಂಡು, 852 ಅಡಿ.

ಗಾಳಿಯಿಲ್ಲದ ಹುಲ್ಲುಗಾವಲು

ಗೆದ್ದೆವು ಎಂದುಕೊಂಡು 1904ರಲ್ಲಿ ಡೇಟನ್ ಹತ್ತಿರದ ಹಫ್‌ಮನ್ ಪ್ರೇರಿ ಎಂಬ ದನ ಮೇಯುವ ಬಯಲಿಗೆ ಬಂದರೆ ವಿಮಾನ ಏಳಲೇ ಒಲ್ಲದು. ಕರೆಸಿದ ಪತ್ರಕರ್ತರ ಮುಂದೆ ಅವಮಾನ. ವಿಮಾನ ಹೊಸದೇ, ಎಂಜಿನ್ ಮೊದಲಿಗಿಂತ ಚೆನ್ನಾಗಿಯೇ ಇತ್ತು. ಇಲ್ಲದ್ದು ಒಂದೇ, ಎದುರು ಗಾಳಿ. ಕಡಲ ದಂಡೆಯಲ್ಲಿ ಗಾಳಿ ಪುಕ್ಕಟೆಯಾಗಿ ಕೊಡುತ್ತಿದ್ದುದನ್ನು ಇಲ್ಲಿ ತಾವೇ ದುಡಿದು ತರಬೇಕಿತ್ತು. ಹಳಿಯನ್ನು 240 ಅಡಿಯವರೆಗೆ ಉದ್ದ ಮಾಡಿದರು. ಅದನ್ನು ಗಾಳಿಯ ದಿಕ್ಕಿಗೆ ತಿರುಗಿಸಿ ಹಾಸುವಷ್ಟರಲ್ಲಿ ಗಾಳಿಯೇ ದಿಕ್ಕು ಬದಲಿಸುತ್ತಿತ್ತು. ಕೊನೆಗೆ ಸೆಪ್ಟೆಂಬರ್‌ನಲ್ಲಿ ಮರದ ಗೋಪುರ ಕಟ್ಟಿ, ಬಾವಿಯಲ್ಲಿ ಕೊಡ ಇಳಿಬಿಟ್ಟಂತೆ ನೂರಾರು ಕಿಲೋ ಭಾರವನ್ನು ಮೇಲಿನಿಂದ ಬೀಳಿಸಿ, ರಾಟೆ ಹಗ್ಗದಿಂದ ವಿಮಾನವನ್ನು ಮುಂದಕ್ಕೆ ಎಸೆಯುವ ಉಪಾಯ ಮಾಡಿದರು. ಇಂದಿಗೂ ವಿಮಾನಗಳು ಸಾಧ್ಯವಾದಷ್ಟೂ ಗಾಳಿಗೆ ಎದುರಾಗಿಯೇ ಏರುತ್ತವೆ. ಹಾಗೆ ಏರಿದರೆ ಕಡಿಮೆ ರನ್‌ವೇ ಸಾಕು. ನಮ್ಮ ಕೆಂಪೇಗೌಡ ನಿಲ್ದಾಣದ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಮುಂಗಾರಿನ ಪಶ್ಚಿಮದ ಗಾಳಿ ಬೀಸುವಾಗ ವಿಮಾನಗಳು ಪಶ್ಚಿಮಕ್ಕೆ ಮುಖಮಾಡಿ ಏಳುವುದು ಇದೇ ಕಾರಣಕ್ಕೆ.

ಆ ಬಯಲಿನಲ್ಲಿ 1904ರ ಸೆಪ್ಟೆಂಬರ್ 20ರಂದು ವಿಲ್ಬರ್ ಮೊದಲ ಬಾರಿಗೆ ಪೂರ್ತಿ ಸುತ್ತು ಹಾರಿದ. 1905ರ ಅಕ್ಟೋಬರ್ 5ರಂದು 39 ನಿಮಿಷದಲ್ಲಿ 24 ಮೈಲಿ. ಆದರೂ ಜಗತ್ತು ನಂಬಲಿಲ್ಲ. 1908ರ ಆಗಸ್ಟ್ 8ರಂದು ಫ್ರಾನ್ಸ್‌ನ ಲೆ ಮಾನ್ ಬಳಿಯ ಕುದುರೆ ರೇಸ್ ಮೈದಾನದಲ್ಲಿ, ಅನುಮಾನದಿಂದ ನೋಡುತ್ತಿದ್ದ ಜನರೆದುರು ವಿಲ್ಬರ್ ಹಾರಿದ್ದು ಎರಡು ನಿಮಿಷಕ್ಕೂ ಕಡಿಮೆ. ಸಲೀಸಾಗಿ ವಾಲಿ ತಿರುಗಿದ ಆ ವಿಮಾನ ನೋಡಿ ಯುರೋಪ್ ಬಾಯ ಮೇಲೆ ಬೆರಳಿಟ್ಟಿತು. ಅದೇ ವರ್ಷದ ಕೊನೆಯ ದಿನ ಅವನು ಎರಡು ಗಂಟೆ 20 ನಿಮಿಷ ಹಾರಿದ.

ಹದಿಮೂರು ವರ್ಷ

ಕೀರ್ತಿ ಬಂದ ಮೇಲಿನ ಕತೆ ಅಷ್ಟು ಹಿತವಾದದ್ದಲ್ಲ. ರೆಕ್ಕೆ ತಿರುಚಿ ಸಮತೋಲ ಕಾಯುವ ವಿಧಾನಕ್ಕೆ 1906ರಲ್ಲೇ ಪೇಟೆಂಟ್ ಸಿಕ್ಕಿತ್ತು. ಅದನ್ನು ಬೇರೆಯವರು ಬಳಸುತ್ತಿದ್ದಾರೆಂದು ಸಹೋದರರು ಗ್ಲೆನ್ ಕರ್ಟಿಸ್ ಮೊದಲಾದವರ ಮೇಲೆ ಮೊಕದ್ದಮೆ ಹೂಡಿದರು. ವರ್ಷಗಳಿಂದ ಬೆನ್ನಿಗೆ ನಿಂತಿದ್ದ ಹಿರಿಯ ಎಂಜಿನಿಯರ್ ಆಕ್ಟೇವ್ ಶನೂಟ್ ಜೊತೆಗಿನ ಸ್ನೇಹವೂ ಇದೇ ವಿಷಯಕ್ಕೆ ಕಹಿಯಾಯಿತು. ವಿಲ್ಬರ್ ದಿನಗಳು ವಕೀಲರ ಕಚೇರಿ, ಸಾಕ್ಷಿಕಟ್ಟೆ, ರೈಲು ಪ್ರಯಾಣಗಳಲ್ಲಿ ಸವೆದವು. ಹಾರುವುದು ಹೆಚ್ಚುಕಡಿಮೆ ನಿಂತೇಹೋಯಿತು. ನೆಲದ ಲೆಕ್ಕದಲ್ಲಿ ಅವನು ಎಂದಿಗಿಂತ ಜೋರಾಗಿ ಓಡುತ್ತಿದ್ದ. ಹೊಸ ಪ್ರಯೋಗಗಳು ಮಾತ್ರ ಹಿಂದೆ ಬಿದ್ದವು. ಅತ್ತ ಯುರೋಪಿನವರು ಚಕ್ರ ಕಟ್ಟಿದ ಹೊಸ ಹೊಸ ವಿಮಾನಗಳಲ್ಲಿ ಇವರನ್ನು ದಾಟಿ ಹೋಗುತ್ತಿದ್ದರು. ರೈಟ್ ವಿಮಾನಕ್ಕೆ ಚಕ್ರ ಬಂದದ್ದು 1910ರಲ್ಲಿ.

1911ರ ಅಕ್ಟೋಬರ್ 24ರಂದು ಆರ್ವಿಲ್ ಮತ್ತೆ ಕಿಟ್ಟಿ ಹಾಕ್ ಬಳಿಯ ಆ ಮರಳುಗುಡ್ಡಕ್ಕೆ ಹೋಗಿ, ಎಂಜಿನ್ ಇಲ್ಲದ ಗ್ಲೈಡರ್‌ನಲ್ಲಿ ಬಿರುಸು ಗಾಳಿಗೆ ಮುಖಮಾಡಿ 9 ನಿಮಿಷ 45 ಸೆಕೆಂಡು ಹಾರಿದ. ನೆಲದ ಲೆಕ್ಕದಲ್ಲಿ ಹೆಚ್ಚುಕಡಿಮೆ ನಿಂತಲ್ಲೇ. ಹತ್ತು ವರ್ಷ ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ. ಹನ್ನೊಂದು ವರ್ಷದ ಹಿಂದೆ ಅಣ್ಣ ಒಬ್ಬನೇ ಸೋರುವ ದೋಣಿ ಹತ್ತಿ ಹುಡುಕಿಹೋಗಿದ್ದು ಇದನ್ನೇ.

1912ರ ವಸಂತದಲ್ಲಿ ಬಾಸ್ಟನ್ ಪ್ರಯಾಣದಲ್ಲಿದ್ದಾಗ ವಿಲ್ಬರ್‌ಗೆ ಮೈ ಹುಷಾರು ತಪ್ಪಿತು. ಮನೆಗೆ ಬಂದ ಮೇಲೆ ವಿಷಮಶೀತ ಜ್ವರ ಎಂದು ತಿಳಿಯಿತು. ಮೇ 30ರ ಬೆಳಗಿನ ಜಾವ ಡೇಟನ್‌ನ ಅದೇ ಮನೆಯಲ್ಲಿ ಪ್ರಾಣ ಹೋಯಿತು. ವಯಸ್ಸು 45. ಮದುವೆಯಾಗಿರಲಿಲ್ಲ. ವೃದ್ಧ ತಂದೆ ಇನ್ನೂ ಇದ್ದರು.

ಸ್ಮಿತ್ಸೋನಿಯನ್ ಸಂಸ್ಥೆಗೆ ಆ ಪತ್ರ ಬರೆದದ್ದೂ ಮೇ 30ರಂದೇ. ಬರೆದಾಗ ಅವನಿಗೆ 32 ವರ್ಷ. ಕೈಯಲ್ಲಿ ಸರ್ಟಿಫಿಕೇಟ್ ಇರಲಿಲ್ಲ, ಹೇಳಿಕೊಳ್ಳುವ ಹುದ್ದೆ ಇರಲಿಲ್ಲ, ಬೀದಿಯವರ ಕಣ್ಣಿಗೆ ಅವನು ಸೈಕಲ್ ಅಂಗಡಿಯ ಯಜಮಾನ. ಅಲ್ಲಿಂದ ಸರಿಯಾಗಿ ಹದಿಮೂರು ವರ್ಷ. ಇಂದು ದೇವನಹಳ್ಳಿಯಲ್ಲಿ ವಿಮಾನವೊಂದು ಗಾಳಿಗೆ ಎದುರಾಗಿ ಏಳುವಾಗ ಅದರ ಚಕ್ರಗಳು ಕೊನೆಯ ಸಲ ನೆಲವನ್ನು ಸೋಕಿ, ಇನ್ನು ತಮ್ಮ ಕೆಲಸವಿಲ್ಲವೆಂಬಂತೆ ಹೊಟ್ಟೆಯೊಳಗೆ ಮಡಚಿಕೊಳ್ಳುತ್ತವೆ. ಅಲ್ಲಿಂದ ಮುಂದಿನದೆಲ್ಲ ರೆಕ್ಕೆ ಮತ್ತು ಗಾಳಿಯ ನಡುವಿನ ಲೆಕ್ಕ.